ಮೂವತ್ತು ಎಂದರೆ ಎಷ್ಟು ಮಳೆ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಬಾಳೂರಿನವರಿಗೆ ಮಳೆಯ ವಿಷಯ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಕಂಪ್ಯೂಟರಿನ ವಿಷಯ ಹೇಳೋಣವೆಂದರೆ ಈಗಿನ ಮಕ್ಕಳು ನಗುತ್ತಾರೆ. ಎರಡನ್ನೂ ಅರೆಬರೆ ತಿಳಿದುಕೊಂಡು ಎರಡನ್ನೂ ಸೇರಿಸಿ ಕತೆ ಹೇಳುವುದು ಉದ್ಧಟತನವೇ ಸರಿ. ಆದರೆ ತನುಜಾಳ ಈ ಕತೆಯನ್ನು ಬೇರೆ ಯಾರೂ ಹೇಳದಿದ್ದರೆ ಊರಲ್ಲಿ ಉಳಿಯುವುದು ಮಲ್ಲಿಕಾರ್ಜುನಪ್ಪನವರು ಹೇಳುವ ಕತೆ ಮಾತ್ರ. ಅವರ ಕತೆಯಲ್ಲಿ ಅವತ್ತಿನ ಮಳೆ ವರ್ಷಕ್ಕೆ ಹತ್ತು ಸೆಂಟಿನಂತೆ ಜಾಸ್ತಿಯಾಗುತ್ತ ಹೋಗುತ್ತಿದೆ.

ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು. ಕಾಫಿ ಸೀಮೆಯಲ್ಲಿ ಮಳೆಯನ್ನು ಅಳೆಯುವುದು ಇಂಚು, ಸೆಂಟುಗಳಲ್ಲೇ. ಬೆಳಿಗ್ಗೆ ಎಂಟು ಗಂಟೆಗೆ ಅಂಗಳದ ರೇನ್‌ಗೇಜಿನಲ್ಲಿ ನಿಂತ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿದ ಮೇಲೇ ತೋಟದವರಿಗೆ ದಿನ ಶುರುವಾಗುವುದು. ದಾರಿಯಲ್ಲಿ ಸಿಕ್ಕವರು ತಿಂಡಿ ಆಯಿತೇ ಎಂದು ಕೇಳುವ ಮೊದಲು "ನಿಮ್ಮಲ್ಲಿ ಎಷ್ಟು?" ಎಂದು ಕೇಳುತ್ತಾರೆ. ಎದುರಿನವರ ಲೆಕ್ಕ ಕೇಳಿಸಿಕೊಂಡು ತಮ್ಮದಕ್ಕೆ ಐದು ಸೆಂಟು ಸೇರಿಸಿ ಹೇಳುವುದನ್ನು ಅಲ್ಲಿ ಯಾರೂ ಸುಳ್ಳು ಎನ್ನುವುದಿಲ್ಲ. ಅದು ತೋಟದ ಮರ್ಯಾದೆಯ ಪ್ರಶ್ನೆ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ತನುಜಾಳಿಗೆ ಇಪ್ಪತ್ಮೂರು ವರ್ಷ. ಹಗಲು ಚಿಕ್ಕಮಗಳೂರಿನ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸ, ಸಂಜೆ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ., ವಾಸ ಚಿಕ್ಕಮ್ಮನ ಮನೆಯಲ್ಲಿ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡಿ, ಬಸ್‌ಸ್ಟ್ಯಾಂಡ್ ತಲುಪಿದ ಮೇಲೆ ನಾಲ್ಕನೇ ಸಲ ಎಳೆಯಲಿಲ್ಲವಲ್ಲ ಎಂದು ಕೊರಗುವ ಸ್ವಭಾವ ಅವಳದು. ಪರೀಕ್ಷೆ ಬರೆದು ಬಂದರೆ, ಉತ್ತರ ಸರಿಯಾಯಿತೋ ಇಲ್ಲವೋ ಎಂಬುದಕ್ಕಿಂತ ರಿಜಿಸ್ಟರ್ ನಂಬರು ಸರಿಯಾಗಿ ಬರೆದೆನೋ ಇಲ್ಲವೋ ಎಂಬುದೇ ಅವಳಿಗೆ ದೊಡ್ಡ ಚಿಂತೆ. ಅವಳನ್ನು ಸಾಕಿ ಓದಿಸಿದ್ದು ಬಾಳೂರಿನ ದೊಡ್ಡಮ್ಮ, ಪಾಪಮ್ಮ.

ಪಾಪಮ್ಮನಿಗೆ ಇದ್ದದ್ದು ಎರಡೂವರೆ ಎಕರೆ ರೊಬಸ್ಟಾ ತೋಟ, ಅದರ ಬುಡದಲ್ಲಿ ಒಂದು ಕೆರೆ. ರೊಬಸ್ಟಾ ಗಿಡ ಬೇಸಿಗೆಯ ಮೊದಲಿಗೆ ಮೊಗ್ಗು ಕಟ್ಟಿಕೊಂಡು ಮಳೆಗೆ ಕಾಯುತ್ತ ಕೂರುತ್ತದೆ. ಒಂದಿಂಚಿನ ಆಸುಪಾಸಿನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅದು ಹೂಮಳೆ. ಅದಾಗಿ ಮೂರು ವಾರದೊಳಗೆ ಇನ್ನೊಂದು ಮಳೆ ಬಿದ್ದರೆ ಹೂವು ಕಾಯಿ ಕಚ್ಚುತ್ತದೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹೊಡೆಯಬೇಕು. ಆದರೆ ಪಾಪಮ್ಮನ ಕೆರೆಯಲ್ಲಿ ತೋಟಕ್ಕೆಲ್ಲ ಒಂದೇ ಒಂದು ಸಲ ಹೊಡೆಯುವಷ್ಟು ನೀರು. ಹೂವಿಗೆ ಹೊಡೆದರೆ ಕಾಯಿಗಿಲ್ಲ, ಕಾಯಿಗೆ ಇಟ್ಟುಕೊಂಡರೆ ಹೂವಿಗಿಲ್ಲ. ಹಾಗಾಗಿ ಅವರದೊಂದು ಪದ್ಧತಿ: ಹೂವಿಗೆ ಆಕಾಶ ನೋಡುವುದು, ಕೆರೆಯನ್ನು ಕಾಯಿಗೆ ಉಳಿಸಿಕೊಳ್ಳುವುದು. ಶಿವರಾತ್ರಿಯವರೆಗೂ ಮಳೆ ಬಾರದಿದ್ದರೆ ಮಾತ್ರ ಪಂಪಿಗೆ ಕೈ ಹಾಕುವುದು. ಅವರು ಹೆದರುತ್ತಿದ್ದದ್ದು ಮಳೆ ಬಾರದಿರುವುದಕ್ಕಲ್ಲ, ಅರೆಮಳೆಗೆ. ಇಪ್ಪತ್ತು ಮೂವತ್ತು ಸೆಂಟು ಬಿದ್ದು ನಿಂತುಬಿಟ್ಟರೆ ಮೊಗ್ಗು ಅರ್ಧ ಎಚ್ಚರವಾಗಿ, ನೀರು ಸಾಲದೆ ಅಲ್ಲೇ ಕರಟಿಹೋಗುತ್ತದೆ.

ಆ ವರ್ಷ ಫೆಬ್ರವರಿ ಕೊನೆಯ ವಾರ. ಶಿವರಾತ್ರಿಗೆ ಇನ್ನೂ ಎರಡು ವಾರವಿತ್ತು. ಸಂಜೆ ಕಾಲೇಜಿನ ಚನ್ನಕೇಶವ ಮೇಷ್ಟ್ರು ತರಗತಿಗೆಲ್ಲ ಒಂದು ಪ್ರಬಂಧ ಕೊಟ್ಟಿದ್ದರು: ಹೊಸ ತಂತ್ರಜ್ಞಾನ ಮತ್ತು ನಮ್ಮ ಸಮಾಜ. ಮೇಷ್ಟ್ರು ಹಗಲು ಬ್ಯಾಂಕಿನಲ್ಲಿ ಗುಮಾಸ್ತರು, ಕಡೂರು ಕಡೆಯವರು, ನೇರ ಮಾತಿನವರು. "ತಂತ್ರಜ್ಞಾನ ಎರಡಲಗಿನ ಕತ್ತಿ ಅಂತ ಶುರು ಮಾಡಿದವರ ಹಾಳೆ ನಾನು ಓದಲ್ಲ. ಹೋದ ವರ್ಷ ನಲವತ್ತು ಕತ್ತಿ ಬಂದಿದ್ವು" ಎಂದು ಮೊದಲೇ ಹೇಳಿಬಿಟ್ಟಿದ್ದರು. ತನುಜಾ ಬರೆದಿಟ್ಟುಕೊಂಡಿದ್ದ ಮೊದಲ ಸಾಲು ಅದೇ ಆಗಿತ್ತು. ಅದನ್ನು ಹೊಡೆದುಹಾಕಿದ ಮೇಲೆ ಹಾಳೆಯಲ್ಲಿ ಏನೂ ಉಳಿಯಲಿಲ್ಲ.

ಸೋಮವಾರ ಮಧ್ಯಾಹ್ನ ಅಂಗಡಿಯವರ ಅಪ್ಪಣೆ ಕೇಳಿ ಅವಳು ಐ.ಜಿ. ರೋಡಿನಲ್ಲಿ ಹೊಸದಾಗಿ ಆಗಿದ್ದ ಇಂಟರ್‌ನೆಟ್ ಸೆಂಟರಿಗೆ ಹೋದಳು. ಪ್ಲೈವುಡ್ ಗೂಡುಗಳಲ್ಲಿ ಕಾಲೇಜು ಹುಡುಗರು ಕಾಣದ ಊರಿನ ಹುಡುಗಿಯರ ಜೊತೆ ಹರಟುತ್ತ ಕೂತಿದ್ದರು. ತನುಜಾ ಏನೇನೋ ಒತ್ತಿ ಕೊನೆಗೆ ಹವಾಮಾನದ ಒಂದು ಪುಟಕ್ಕೆ ಬಂದು ನಿಂತಳು. ಬಾಳೂರು ಅದರಲ್ಲಿ ಇರಲಿಲ್ಲ, ಆದರೆ ಚಿಕ್ಕಮಗಳೂರು ಇತ್ತು. ಸಾಲಾಗಿ ಐದು ದಿನಗಳ ಹೆಸರು, ಪ್ರತಿಯೊಂದರ ಕೆಳಗೆ ಆ ದಿನ ಬೀಳಲಿರುವ ಮಳೆ. ಸೊನ್ನೆ, ಸೊನ್ನೆ, ಸೊನ್ನೆ, ಎರಡು. ಶುಕ್ರವಾರದ ಕೆಳಗೆ ಮೂವತ್ತು.

ಎಲ್ಲಿಯ ಉಪಗ್ರಹ, ಎಲ್ಲಿಯ ಶುಕ್ರವಾರ, ಎಲ್ಲಿಯ ಪಾಪಮ್ಮ. ಪ್ರಬಂಧ ಸಿಕ್ಕಿತು ಎಂದುಕೊಂಡಳು. ಅಂಕಿಯನ್ನು ಎರಡು ಸಲ ನೋಡಿದಳು. ದಿನವನ್ನು ಗೋಡೆಯ ಕ್ಯಾಲೆಂಡರಿಗೆ ಹೋಲಿಸಿದಳು. ಪ್ರಿಂಟು ತೆಗೆಸುವಾಗ ಸೆಂಟರಿನವನು "ಎರಡು ಪೇಜ್ ಬರುತ್ತೆ, ಎರಡನೇದರಲ್ಲಿ ಒಂದೇ ಸಾಲು, ಬೇಕಾ?" ಎಂದ. ಒಂದು ಸಾಲಿಗೆ ಇಡೀ ಹಾಳೆ ಯಾಕೆ ದಂಡ ಎಂದು ಅವಳು ಬೇಡವೆಂದಳು. ಎಲ್ಲದರಲ್ಲೂ ಅನುಮಾನಪಡುವ ತನುಜಾ ಅನುಮಾನಪಡದೆ ಬಿಟ್ಟದ್ದು ಅದೊಂದನ್ನೇ. ಮೂವತ್ತು ಅಂದರೆ ಮೂವತ್ತು ಸೆಂಟು. ಶಾಲೆಯ ಪುಸ್ತಕದಲ್ಲಿ ಬೇರೆ ಅಳತೆ ಓದಿದ್ದಳು, ನಿಜ. ಆದರೆ ಅದು ಪುಸ್ತಕದ ಮಳೆಗೆ. ಸುರಿಯುವ ಮಳೆಗೆ ಬಾಳೂರಿನಲ್ಲಿ ಸೆಂಟಲ್ಲದೆ ಇನ್ನೊಂದು ಅಳತೆ ಇರಲಿಲ್ಲ.

ಸಂಜೆ ತರಗತಿಗೆ ಹೋಗುವ ಮುಂಚೆ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನು ಮಾಡಿದಳು. ಪಾಪಮ್ಮನ ಮನೆಯಲ್ಲಿ ಫೋನಿಲ್ಲ, ಮೇಲಿನ ಮನೆ ಮಲ್ಲಿಕಾರ್ಜುನಪ್ಪನವರಲ್ಲಿ ಇತ್ತು. ಸ್ಪ್ರಿಂಕ್ಲರಿನ ಪಂಪು ಪೈಪುಗಳನ್ನು ಎರಡು ಮನೆಯವರೂ ಪಾಲಿನಲ್ಲಿ ಕೊಂಡು ಸರದಿಯಲ್ಲಿ ಬಳಸುತ್ತಿದ್ದರು. ಮಲ್ಲಿಕಾರ್ಜುನಪ್ಪನವರದು ದೊಡ್ಡ ಕೆರೆ. ಅವರು ಆಗಲೇ ಹೊಡೆದು ಮುಗಿಸಿ ಕಾಲು ಚಾಚಿ ಕೂತಿದ್ದರು.

"ಕಂಪ್ಯೂಟರ್ ಶುಕ್ರವಾರ ಅಂತ ವಾರನೂ ಹೇಳ್ತಾ?" ಎಂದರು.

"ಹೌದು ಮಾವ."

"ಟೈಮ್ ಕೇಳ್ಬೇಕಿತ್ತು ಮಾರಾಯ್ತಿ. ಬಟ್ಟೆ ಒಣಗಿ ಹಾಕ್ಬೇಕಾ ಬೇಡ್ವಾ ಅಂತ ನಿಮ್ಮತ್ತೆ ಕೇಳ್ತಾಳೆ."

ಅವರು ಅಂಗಳದಿಂದ ಕೆಳಕ್ಕೆ ಕೂಗು ಹಾಕಿದರು. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದಾಗ ಪಾಪಮ್ಮ ಏದುಸಿರು ಬಿಡುತ್ತ ಬಂದಿದ್ದರು. ಅವರು ಫೋನಿನಲ್ಲಿ ಮಾತಾಡುವುದೂ ಕಣಿವೆಯಾಚೆಗೆ ಕೂಗು ಹಾಕಿದ ಹಾಗೆಯೇ ಇರುತ್ತಿತ್ತು.

"ಮೂವತ್ತಾ? ಹಾಳಾಯ್ತಲ್ಲೇ. ಬಂದ್ರೆ ಒಂದಿಂಚು ಬರ್ಬೇಕು, ಇಲ್ದಿದ್ರೆ ಸುಮ್ನಿರ್ಬೇಕು. ಮೂವತ್ತು ಯಾವ ಸಂಪತ್ತಿಗೆ?"

"ನಂಗೇನು ಗೊತ್ತು ದೊಡ್ಡಮ್ಮ. ಹಾಳೇಲಿ ಹಾಗೇ ಇದೆ."

"ನಿನ್ನೆ ರೆಕ್ಕೆಹುಳ ಎದ್ದಿತ್ತು. ಒಳ್ಳೆ ಮಳೆನೇ ಬರುತ್ತೆ ಅಂದ್ಕೊಂಡಿದ್ದೆ ನಾನು. ನೀನು ಸರಿಯಾಗಿ ನೋಡಿದ್ಯಾ?"

"ಎರಡು ಸಲ ನೋಡ್ದೆ."

"ನೀನು ಎರಡು ಸಲ ನೋಡಿದ್ರೆ ಸರಿನೇ ಇರುತ್ತೆ ಬಿಡು. ಹಾಗಾದ್ರೆ ಅರೆಮಳೆ ಬೀಳೋಕೆ ಮುಂಚೆ ನಾನೇ ಪೂರ್ತಿ ನೀರು ಕೊಡೋದು ವಾಸಿ. ಗುರುವಾರ ಪಂಪು ಇಡ್ತೀನಿ. ಕಾಯಿ ಕಚ್ಚೋಕೆ ದೇವರು ಇದಾನೆ."

ಪಾಪಮ್ಮ ಶಿವರಾತ್ರಿಯ ಪದ್ಧತಿ ಮುರಿದದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ತನುಜಾಳಿಗೆ ಹೆಮ್ಮೆಯಾಯಿತು. ಅವತ್ತೇ ಕೂತು ನಾಲ್ಕು ಪುಟ ಬರೆದಳು. 'ರೆಕ್ಕೆಹುಳ ನೋಡಿ ಮಳೆ ಹೇಳುತ್ತಿದ್ದ ಕಾಲ ಮುಗಿಯುತ್ತಿದೆ' ಎಂಬ ಸಾಲೂ ಅದರಲ್ಲಿತ್ತು. ಸಾಕ್ಷಿಗೆಂದು ಪ್ರಿಂಟು ತೆಗೆಸಿದ ಹಾಳೆಯನ್ನೂ ಗುಂಡುಸೂಜಿ ಚುಚ್ಚಿ ಸೇರಿಸಿದಳು.

ಬುಧವಾರ ಸಂಜೆ ಚನ್ನಕೇಶವ ಮೇಷ್ಟ್ರು ಅವಳ ಪ್ರಬಂಧವನ್ನು ಎತ್ತಿಕೊಂಡು, "ಇದು ಚೆನ್ನಾಗಿದೆ, ಕತ್ತಿ ಇಲ್ಲ" ಎಂದು ಗಟ್ಟಿಯಾಗಿ ಓದತೊಡಗಿದರು. ತನುಜಾ ಮೇಜಿನ ಮೇಲಿನ ಇಂಕಿನ ಕಲೆ ನೋಡುತ್ತ ಕೂತಳು. ಓದುತ್ತ ಓದುತ್ತ ಮೇಷ್ಟ್ರು ಕೊನೆಯ ಹಾಳೆಗೆ ಬಂದು ನಿಂತರು.

"ಏನಮ್ಮ, ಮೂವತ್ತು ಸೆಂಟು ಅಂತ ಬರೆದಿದೀಯ. ಇಲ್ಲಿ ಬರೀ ಮೂವತ್ತು ಅಂತ ಇದೆ. ಮೂವತ್ತು ಏನು? ಮೂವತ್ತು ಬಾಳೆಹಣ್ಣಾ?"

ತರಗತಿ ನಕ್ಕಿತು.

"ಮಳೆ ಸಾರ್. ಸೆಂಟೇ ಅಲ್ವಾ?"

"ಸೆಂಟು ನಿಮ್ಮ ತೋಟದವರ ಮನೆಮಾತು. ಬ್ರಿಟಿಷರು ಇಂಚುಪಟ್ಟಿ ಬಿಟ್ಟುಹೋದ್ರು, ನೀವು ಅದನ್ನ ಬಿಡಲಿಲ್ಲ. ಕಂಪ್ಯೂಟರಿಗೆ ಬಾಳೂರಿನ ಭಾಷೆ ಯಾರು ಕಲಿಸಿದ್ರು? ಇದು ಮಿಲಿಮೀಟರ್ ಇರುತ್ತಮ್ಮ."

ತನುಜಾ ಅಂಗೈ ಮೇಲೆ ಪೆನ್ನಿನಲ್ಲಿ ಲೆಕ್ಕ ಹಾಕಿದಳು. ಇಪ್ಪತ್ತೈದು ಚಿಲ್ಲರೆ ಮಿಲಿಮೀಟರಿಗೆ ಒಂದಿಂಚು. ಮೂವತ್ತಕ್ಕೆ ಒಂದಿಂಚು ಹದಿನೆಂಟು ಸೆಂಟು. ಅಂದರೆ ಹಾಳೆ ಹೇಳಿದ್ದು ಅರೆಮಳೆಯನ್ನಲ್ಲ, ಪಾಪಮ್ಮ ವರ್ಷವಿಡೀ ಕಾಯುವ ಹೂಮಳೆಯನ್ನೇ. ರೆಕ್ಕೆಹುಳ ಹೇಳಿದ್ದೂ ಅದನ್ನೇ. ನಡುವೆ ನಿಂತು ಬೇರೆ ಹೇಳಿದವಳು ತಾನೊಬ್ಬಳೇ.

ಮೇಷ್ಟ್ರಿಗೆ ಏನೋ ಒಂದು ಹೇಳಿ ಎದ್ದು ಬೂತಿಗೆ ಓಡಿದಳು. ಮಲ್ಲಿಕಾರ್ಜುನಪ್ಪನವರ ಫೋನು ಸತ್ತಿತ್ತು. ಎಲ್ಲೋ ಕೊಂಬೆ ಬಿದ್ದು ಲೈನು ಹೋಗಿತ್ತಂತೆ, ಆಮೇಲೆ ಗೊತ್ತಾಯಿತು. ಅಂಗಡಿ ಯಜಮಾನರ ಹತ್ತಿರ ಹೊಸ ಮೊಬೈಲು ಇತ್ತು, ಆದರೆ ಮೊಬೈಲಿನಿಂದ ಮಾಡಿದರೂ ಸತ್ತ ಫೋನು ಸತ್ತದ್ದೇ. ಇನ್ನುಳಿದದ್ದು ಬೆಳಗಿನ ಮೊದಲ ಬಸ್ಸು. ಪಂಪು ಇಡುವುದು ಗುರುವಾರ ತಿಂಡಿಯಾದ ಮೇಲೆ. ಎಂಟೂವರೆಗೆ ಬಾಳೂರು ಮುಟ್ಟಿದರೆ ಕೆರೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದಳು. ತನ್ನ ಲೆಕ್ಕದ ಮೇಲೆ ಅವಳಿಗೆ ಈಗ ನಂಬಿಕೆ ಉಳಿದಿರಲಿಲ್ಲ, ಅದು ಬೇರೆ ಮಾತು.

ಬಸ್ಸು ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನಿಂತಿತು. ಡ್ರೈವರು ಕಂಡಕ್ಟರು ಇಳಿದು ಟೀಗೆ ಹೋದವರು ಬರುವ ಲಕ್ಷಣ ಕಾಣಲಿಲ್ಲ. ತನುಜಾ ಕಿಟಕಿಯಲ್ಲಿ ತಲೆ ಹಾಕಿ, "ಸ್ವಲ್ಪ ಬೇಗ ಹೊರಡ್ತೀರಾ ಅಣ್ಣ?" ಎಂದಳು.

"ಯಾಕಮ್ಮ, ಹೆಣ್ಣು ನೋಡೋಕೆ ಬರ್ತಿದಾರಾ?" ಎಂದ ಕಂಡಕ್ಟರ್.

"ಇಲ್ಲ. ಕೆರೆ ಖಾಲಿಯಾಗ್ತಿದೆ."

ಕಂಡಕ್ಟರ್ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಲೋಟ ಕೆಳಗಿಟ್ಟು ವಿಸಿಲ್ ಊದಿದ. ಆ ಸೀಮೆಯಲ್ಲಿ ಅಂಥ ಮಾತಿಗೆ ವಿವರಣೆ ಬೇಕಾಗುವುದಿಲ್ಲ.

ದಾರಿಯುದ್ದಕ್ಕೂ ಅವಳು ಯೋಚಿಸಿದ್ದು ಒಂದೇ. ರೆಕ್ಕೆಹುಳ ನೋಡಿ ದೊಡ್ಡಮ್ಮ ಎಷ್ಟೋ ಸಲ ತಪ್ಪು ಹೇಳಿದ್ದುಂಟು. ಆಗೆಲ್ಲ ಊರವರು ವಾದ ಮಾಡುತ್ತಿದ್ದರು, ತಮಾಷೆ ಮಾಡುತ್ತಿದ್ದರು, ಅರ್ಧ ನಂಬಿ ಅರ್ಧ ಬಿಡುತ್ತಿದ್ದರು. 'ಕಂಪ್ಯೂಟರ್ ಹೇಳಿತು' ಎಂದಾಗ ಮಾತ್ರ ಯಾರೂ ವಾದಕ್ಕೆ ಬರಲಿಲ್ಲ. ಕಂಪ್ಯೂಟರ್ ಹೇಳಿದ್ದು ಬರೀ ಮೂವತ್ತು. ಸೆಂಟು ಅಂದದ್ದು ಪಂಪ್‌ಸೆಟ್ ಅಂಗಡಿಯ ತನುಜಾ. ಯಂತ್ರಕ್ಕೂ ದೊಡ್ಡಮ್ಮನಿಗೂ ನಡುವೆ ಒಬ್ಬಳು ಇದ್ದಾಳೆ ಎಂಬುದನ್ನು ಎಲ್ಲರೂ ಮರೆತಿದ್ದರು, ಅವಳೂ ಮರೆತಿದ್ದಳು. ಇದನ್ನು ಪ್ರಬಂಧದಲ್ಲಿ ಬರೆಯಬೇಕಿತ್ತು ಎನ್ನಿಸಿತು. ಮರುಗಳಿಗೆಯೇ, ಕೆರೆ ಹೋಗುತ್ತಿರುವಾಗ ಪ್ರಬಂಧದ ಚಿಂತೆ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

ಊರಿನ ತಿರುವಿನಲ್ಲೇ ಪಂಪಿನ ಡುಗುಡುಗು ಕೇಳಿಸಿತು. ರಸ್ತೆಬದಿಯ ಗಿಡಗಳು ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು. ಆದದ್ದಿಷ್ಟೆ: ಕಂಪ್ಯೂಟರಿನ ಮಾತೆಂದು ಮಲ್ಲಿಕಾರ್ಜುನಪ್ಪನವರು ಉದಾರಿಯಾಗಿ ಪಂಪು ಪೈಪುಗಳನ್ನು ಮಂಗಳವಾರ ಸಂಜೆಯೇ ಜೀಪಿನಲ್ಲಿ ಇಳಿಸಿ ಹೋಗಿದ್ದರು. ಬುಧವಾರ ಬೆಳಿಗ್ಗೆಯಿಂದಲೇ ಪಂಪು ನಡೆದಿತ್ತು. ಕೆಳಗಿನ ಅರ್ಧ ತೋಟ ಮುಗಿದು, ಪಂಪಿನ ಭೂತಯ್ಯ ಪೈಪುಗಳನ್ನು ಮೇಲಿನ ಅರ್ಧಕ್ಕೆ ಸಾಗಿಸಿ ಜೋಡಿಸಿ ಆಗಷ್ಟೇ ಪಂಪು ಇಟ್ಟಿದ್ದ, ನೀರು ಇನ್ನೂ ಗಿಡ ಮುಟ್ಟಿರಲಿಲ್ಲ. ಕೆರೆಯ ಅಂಚಿನಲ್ಲಿ ಅರ್ಧ ಆಳದ ಕೆಸರಿನ ಗೆರೆ ಕಾಣುತ್ತಿತ್ತು.

ಪಾಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏರಿಯ ಮೇಲೆ ನಿಂತಿದ್ದರು. "ಇದೇನೇ, ಗುರುವಾರ ಬಂದೆ? ಕೆಲಸ ಬಿಡಿಸಿದ್ರಾ?"

ತನುಜಾ ಬಸ್ಸಿನಲ್ಲಿ ಉರುಹೊಡೆದಿದ್ದ ಮಾತೆಲ್ಲ ಮರೆತುಹೋಗಿತ್ತು. "ದೊಡ್ಡಮ್ಮ, ಪಂಪು ನಿಲ್ಸಿ. ತಪ್ಪಾಗಿದೆ. ಮೂವತ್ತು ಅಂದ್ರೆ ಸೆಂಟಲ್ಲ. ಒಂದಿಂಚು ಹದಿನೆಂಟು."

"ಹಾಂ?"

"ಅದು ಮಿಲಿಮೀಟರು. ನಾನು ಸೆಂಟು ಅಂದ್ಕೊಂಡೆ. ಕಂಪ್ಯೂಟರಿನದಲ್ಲ, ನನ್ನ ತಪ್ಪು."

ಭೂತಯ್ಯ ಪಂಪು ನಿಲ್ಲಿಸಿದ. ಒಮ್ಮೆಲೇ ತೋಟವೆಲ್ಲ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಅವನು, "ಅಮ್ಮಾರೆ, ರೆಕ್ಕೆಹುಳ ಯಾವತ್ತೂ ಮಿಲಿಮೀಟರ್ ಅಂದಿಲ್ಲ ನೋಡಿ" ಎಂದ.

"ನೀನು ಬಾಯಿ ಮುಚ್ಚು ಮಾರಾಯ" ಎಂದರು ಪಾಪಮ್ಮ. ಕೆರೆಯನ್ನು ನೋಡಿದರು, ಆಕಾಶ ನೋಡಿದರು. ಆಕಾಶ ಒರೆಸಿಟ್ಟ ತಟ್ಟೆಯ ಹಾಗಿತ್ತು. "ಸರಿ. ಈಗ ಹೇಳು. ಆ ಒಂದಿಂಚು ನಾಳೆ ಬರುತ್ತಾ, ಇಲ್ವಾ?"

ತನುಜಾ ಮನಸ್ಸಿನಲ್ಲೇ ತೂಗಿ ನೋಡಿದಳು. ಬರುತ್ತದೆ ಎಂದರೆ ಮೇಲಿನ ಅರ್ಧ ತೋಟವನ್ನು ಒಣ ಬಿಟ್ಟು ಕೆರೆ ಉಳಿಸುತ್ತಾರೆ. ಬಾರದಿದ್ದರೆ ಒಂದೇ ತೋಟದಲ್ಲಿ ಅರ್ಧ ಎಚ್ಚರ, ಅರ್ಧ ನಿದ್ದೆ. ಇಲ್ಲ ಎಂದರೆ ಈಗಲೇ ಕೆರೆ ಬರಿದು. ಸೋಮವಾರ ಫೋನಿನಲ್ಲಿ ಎಷ್ಟು ಸಲೀಸಾಗಿ ಹೇಳಿದ್ದಳು.

"ಗೊತ್ತಿಲ್ಲ ದೊಡ್ಡಮ್ಮ" ಎಂದಳು. "ಹಾಳೇಲಿ ಏನಿದೆ ಅಂತ ಈಗ ಗೊತ್ತು. ಅದು ಚಿಕ್ಕಮಗಳೂರಿನ ಲೆಕ್ಕ, ಇಲ್ಲಿಗೆ ಹೊಂದುತ್ತೋ ಇಲ್ವೋ ಗೊತ್ತಿಲ್ಲ. ಮಳೆ ಬಂದೇ ಬರುತ್ತೆ ಅಂತ ಹೇಳೋಕೆ ನಂಗೆ ಧೈರ್ಯ ಇಲ್ಲ."

ಪಾಪಮ್ಮ ಸೊಂಟದ ಸೆರಗು ಬಿಚ್ಚಿ ಮುಖ ಒರೆಸಿಕೊಂಡರು. "ಕೆಳಗಿನ ಅರ್ಧ ನಿನ್ನ ತಪ್ಪಿಗೆ ಹೋಯ್ತು. ಮೇಲಿನ ಅರ್ಧ ನಿನ್ನ ತಿದ್ದುಪಡಿಗೆ ಬಿಡಾಣ. ಭೂತಯ್ಯ, ಪೈಪು ಹಾಗೇ ಇರ್ಲಿ, ಪಂಪು ಇಡ್ಬೇಡ. ನೀನು ಒಳಗೆ ಬಾ, ಕಡುಬು ಇದೆ, ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀನು."

ಶುಕ್ರವಾರ ಮಳೆ ಬರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ತನುಜಾ ಅಂಗಳಕ್ಕೂ ಅಡುಗೆಮನೆಗೂ ತಿರುಗಿದ ಲೆಕ್ಕ ಮಿಲಿಮೀಟರಿನಲ್ಲಿ ಹೇಳಲಾಗದು. ಮಲ್ಲಿಕಾರ್ಜುನಪ್ಪನವರು ಬೇಲಿಯಾಚೆಯಿಂದ, "ಏನು ತನುಜಾ, ನಿನ್ನ ಕಂಪ್ಯೂಟರಿಗೆ ಶುಕ್ರವಾರ ರಜಾನಾ?" ಎಂದು ಕೇಳಿ ಹೋದರು. ಪಾಪಮ್ಮ ಮಾತ್ರ ಅಕ್ಕಿ ಆರಿಸುತ್ತ ಕೂತಿದ್ದರು. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ತನುಜಾಳಿಗೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಗಾಳಿ ತಿರುಗಿತು. ನಾಲ್ಕಕ್ಕೆ ಗುಡ್ಡದ ನೆತ್ತಿ ಕಾಣದಾಯಿತು. ಮೊದಲ ದಪ್ಪ ಹನಿಗಳು ಹೆಂಚಿಗೆ ಬಿದ್ದಾಗ ಪಾಪಮ್ಮ ಎದ್ದು ಬಾಗಿಲಿಗೆ ಬಂದರು, ಒಳಗಿಂದ ತನುಜಾಳೂ ಬಂದಳು. ಇಬ್ಬರೂ ನಿಂತು ಹನಿಯ ಸದ್ದು ಕೇಳಿದರು. ಹತ್ತು ನಿಮಿಷಕ್ಕೆ ನಿಂತರೆ ಅರೆಮಳೆ. ಹತ್ತು ನಿಮಿಷ ಕಳೆಯಿತು. ಅರ್ಧ ಗಂಟೆ ಕಳೆಯಿತು. ಅಂಗಳದ ನೀರು ಕೆಂಪಗೆ ಹರಿದು ಚರಂಡಿ ಸೇರತೊಡಗಿದ ಮೇಲೆ ಪಾಪಮ್ಮ, "ಇನ್ನು ನಿಂತ್ರೂ ಅಡ್ಡಿಯಿಲ್ಲ" ಎಂದು ಒಳಗೆ ಹೋಗಿ ಕಾಫಿಗೆ ಇಟ್ಟರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ರೇನ್‌ಗೇಜಿನ ನೀರನ್ನು ತನುಜಾಳೇ ಅಳೆದಳು. ತೊಂಬತ್ತೆರಡು ಸೆಂಟು. ಮೂರು ಸಲ ನೋಡಿದಳು. ಪಾಪಮ್ಮ ಬೇಲಿಯ ಬಳಿ ಹೋಗಿ "ನಮ್ಮಲ್ಲಿ ತೊಂಬತ್ತೇಳು" ಎಂದರು. ಮಲ್ಲಿಕಾರ್ಜುನಪ್ಪನವರು "ನಮ್ಮಲ್ಲಿ ಒಂದಿಂಚು ಎರಡು" ಎಂದರು.

ಆ ವರ್ಷ ಪಾಪಮ್ಮನ ತೋಟ ಎರಡು ಕಂತಿನಲ್ಲಿ ಹೂಬಿಟ್ಟಿತು. ಮೊದಲು ಕೆಳಗಿನ ಅರ್ಧ ಬೆಳ್ಳಗಾಯಿತು. ಅದು ಕಂದುವ ಹೊತ್ತಿಗೆ ಮೇಲಿನ ಅರ್ಧ ಬೆಳ್ಳಗಾಯಿತು. ಕಳಸದ ಬಸ್ಸಿನಲ್ಲಿ ಹೋಗುವವರು ಕಿಟಕಿಯಲ್ಲಿ ಬಗ್ಗಿ ನೋಡಿ, ಇದೇನು ಅರ್ಧ ಬೋಳಿಸಿ ಅರ್ಧ ಬಿಟ್ಟ ಗಡ್ಡದ ಹಾಗಿದೆ ಎಂದರು. ಮೂರು ವಾರ ಕಳೆದರೂ ಇನ್ನೊಂದು ಮಳೆ ಬರಲಿಲ್ಲ. ಉಳಿದಿದ್ದ ಅರ್ಧ ಕೆರೆಯನ್ನು ಪಾಪಮ್ಮ ಇಡೀ ತೋಟಕ್ಕೆ ತೆಳ್ಳಗೆ ಹಂಚಿದರು.

ಚನ್ನಕೇಶವ ಮೇಷ್ಟ್ರಿಗೆ ತನುಜಾ ಪ್ರಬಂಧವನ್ನು ತಿದ್ದಿ ಕೊಡುತ್ತೇನೆಂದಿದ್ದಳು. ಅದಕ್ಕೆ ಒಂದು ತೀರ್ಮಾನ ಬೇಕಿತ್ತು. ಕೊಯ್ಲಿನ ಹೊತ್ತಿಗೆ ರಜೆ ಹಾಕಿ ಬಂದು, ಕೆಳಗಿನ ಅರ್ಧದ ಹಣ್ಣನ್ನೂ ಮೇಲಿನ ಅರ್ಧದ ಹಣ್ಣನ್ನೂ ಕಣದಲ್ಲಿ ಬೇರೆ ಬೇರೆ ಹರವಬೇಕೆಂದು ಕೇಳಿಕೊಂಡಳು. ಯಾವುದು ಹೆಚ್ಚು ಬಂತು ಎಂದು ಕಣ್ಣಾರೆ ನೋಡಿಬಿಟ್ಟರೆ ತನ್ನ ತಪ್ಪಿನ ಉದ್ದಗಲ ತಿಳಿಯುತ್ತದೆ ಎಂಬುದು ಅವಳ ಆಸೆ.

"ಒಂದೇ ತೋಟದ ಹಣ್ಣಿಗೆ ಪಂಕ್ತಿಭೇದ ಮಾಡ್ಬೇಡ" ಎಂದರು ಪಾಪಮ್ಮ. ಮಾತು ಮುಗಿಯುವ ಮೊದಲೇ ಭೂತಯ್ಯ ಎರಡು ಕಡೆಯ ಚೀಲವನ್ನೂ ಒಂದೇ ರಾಶಿಗೆ ಸುರಿದಿದ್ದ. ಕೆಳಗಿನದೇ ಹೆಚ್ಚು ಬಂತು ಎಂದು ಅವನ ಹೇಳಿಕೆ. ಮೇಲಿನದು ಎಂದು ಪಾಪಮ್ಮನ ಹೇಳಿಕೆ. ಇಬ್ಬರೂ ಅಳೆದವರಲ್ಲ.

ತನುಜಾ ಪ್ರಬಂಧ ಕೊಟ್ಟಳು, ಹತ್ತು ತಿಂಗಳು ತಡವಾಗಿ. ರೆಕ್ಕೆಹುಳದ ಸಾಲನ್ನು ತೆಗೆದಿದ್ದಳು. ಅಷ್ಟು ಹೊತ್ತಿಗೆ ಮೇಷ್ಟ್ರು ಅದನ್ನು ಕೇಳಿದ್ದನ್ನೇ ಮರೆತಿದ್ದರು.

ಹಾಳೆ ಹೇಳಿದ್ದು ಶುಕ್ರವಾರ ಮೂವತ್ತು, ಬಂದದ್ದು ಶನಿವಾರ ತೊಂಬತ್ತೆರಡು ಸೆಂಟು, ಅಂದರೆ ಇಪ್ಪತ್ಮೂರು ಚಿಲ್ಲರೆ ಮಿಲಿಮೀಟರ್. ಇದನ್ನು ಸರಿ ಎನ್ನಬೇಕೋ ತಪ್ಪು ಎನ್ನಬೇಕೋ ಗೊತ್ತಿಲ್ಲ. ಪ್ರಿಂಟು ತೆಗೆಸದೆ ಬಿಟ್ಟ ಎರಡನೇ ಪುಟದ ಒಂದು ಸಾಲಿನಲ್ಲಿ ನಿಜವಾಗಿ ಮಿಲಿಮೀಟರ್ ಅಂತಲೇ ಇತ್ತೋ, ಬೇರೆ ಏನಾದರೂ ಇತ್ತೋ, ಅದನ್ನೂ ಯಾರೂ ನೋಡಿದವರಿಲ್ಲ. ಅವಳು ಫೋನು ಮಾಡದೆ ಇದ್ದಿದ್ದರೆ ಪಾಪಮ್ಮನಿಗೆ ಆ ವರ್ಷ ಹೆಚ್ಚು ಕಾಫಿ ಸಿಗುತ್ತಿತ್ತೋ ಕಡಿಮೆಯಾಗುತ್ತಿತ್ತೋ, ಅದಂತೂ ತನುಜಾಳಿಗೆ ಇವತ್ತಿಗೂ ಗೊತ್ತಿಲ್ಲ.